ಕೋನಮಾಪಕ ಕೈಗೆ ಕೊಡುವ ಮೊದಲು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಯಲ್ಲೇ ಟ್ಯೂಷನ್ ಕೊಡುತ್ತೇನೆ. ಬರುವವರು ಹೆಚ್ಚಾಗಿ ಕನ್ನಡ ಮಾಧ್ಯಮದ ಯುಪಿ ಮಕ್ಕಳು, ಅಂದರೆ ಐದರಿಂದ ಏಳನೇ ತರಗತಿಯವರು. ಮನೆಮಾತು ಒಬ್ಬೊಬ್ಬರದು ಒಂದೊಂದು: ತುಳು, ಹವ್ಯಕ ಕನ್ನಡ, ಮಲಯಾಳ, ಮರಾಠಿ. ಒಬ್ಬರಿಗೆ ಭಿನ್ನರಾಶಿ ಕಷ್ಟ, ಇನ್ನೊಬ್ಬರಿಗೆ ಭಾಗಾಕಾರ. ಆದರೆ ಕೋನ ಅಳೆಯುವ ಪಾಠ ಬಂತೆಂದರೆ ಎಲ್ಲರದ್ದೂ ಒಂದೇ ಪ್ರಶ್ನೆ. "ಟೀಚರ್, ಇದರಲ್ಲಿ ಎರಡು ಸಂಖ್ಯೆ ಉಂಟಲ್ಲ, ಯಾವುದನ್ನು ಓದುವುದು?"

ಕೋನಮಾಪಕದಲ್ಲಿ ಒಂದೇ ಗೆರೆಗೆ 50 ಅಂತಲೂ ಇದೆ, 130 ಅಂತಲೂ ಇದೆ. ಈ ಕಡೆ ಇದ್ದರೆ ಒಳಗಿನದ್ದು ಓದು, ಆ ಕಡೆ ಇದ್ದರೆ ಹೊರಗಿನದ್ದು ಓದು ಅಂತ ಹೇಳಿಕೊಟ್ಟರೆ ಆ ದಿನದ ಹೋಂವರ್ಕ್ ಮುಗಿಯುತ್ತದೆ, ಅಷ್ಟೇ. ಚಿತ್ರ ಸ್ವಲ್ಪ ವಾರೆಯಾಗಿ ಬಂದರೆ ಮತ್ತೆ ಅದೇ ಗೊಂದಲ. ಹಾಗಾಗಿ ನಾನು ಈ ಪಾಠವನ್ನು ಕೋನಮಾಪಕದಿಂದ ಶುರು ಮಾಡುವುದೇ ಇಲ್ಲ. ಅದು ಪೆಟ್ಟಿಗೆಯಿಂದ ಹೊರಗೆ ಬರುವುದು ಎಲ್ಲ ಆದ ಮೇಲೆ. ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ ಉಪಯೋಗ ಆಗಬಹುದು.

ಕೋನ ಎಂದರೇನು ಅಂತ ಕೇಳಿದರೆ ಮಕ್ಕಳು ಫಟ್ ಅಂತ ಹೇಳುತ್ತಾರೆ: ಒಂದೇ ಬಿಂದುವಿನಿಂದ ಹೊರಡುವ ಎರಡು ಕಿರಣಗಳಿಂದ ಆಗುವ ಆಕೃತಿ. ಆ ಬಿಂದು ಶೃಂಗ, ಆ ಕಿರಣಗಳು ಬಾಹುಗಳು. ಇದರಲ್ಲಿ ಏನೂ ತಪ್ಪಿಲ್ಲ. ಆದರೆ ಈ ವ್ಯಾಖ್ಯೆಯನ್ನು ಇನ್ನೊಮ್ಮೆ ಓದಿ ನೋಡಿ. ಕೋನ ಅಂದರೆ ಯಾವ ಆಕೃತಿ ಅಂತ ಇದು ಹೇಳುತ್ತದೆ, ಅದರಲ್ಲಿ ಅಳೆಯಬೇಕಾದದ್ದು ಏನು ಅಂತ ಹೇಳುವುದಿಲ್ಲ. ಗೆರೆಯ ಉದ್ದವಾ? ಎರಡು ತುದಿಗಳ ನಡುವಿನ ಅಂತರವಾ? ನಡುವೆ ಇರುವ ಜಾಗವಾ? ಮಗು ತನಗೆ ತೋಚಿದ್ದನ್ನು ಹಿಡಿದುಕೊಳ್ಳುತ್ತದೆ, ಮತ್ತು ಹೆಚ್ಚಿನ ಮಕ್ಕಳು ಹಿಡಿದುಕೊಳ್ಳುವುದು ಉದ್ದವನ್ನೇ. ನಾವು ಅಳೆಯುವುದು ತಿರುಗುವಿಕೆಯನ್ನು. ಒಂದು ಬಾಹು ಎಷ್ಟು ತಿರುಗಿದರೆ ಇನ್ನೊಂದರ ಮೇಲೆ ಬಂದು ಕೂರುತ್ತದೆ, ಅದು ಕೋನದ ಅಳತೆ. ಇದೊಂದು ಮಾತು ಮಗುವಿನ ಮೈಗೆ ಹತ್ತಿದರೆ ಉಳಿದದ್ದಕ್ಕೆಲ್ಲ ದಾರಿ ಆಗುತ್ತದೆ ಅಂತ ನಾನು ನಂಬಿದ್ದೇನೆ.

ಮೊದಲ ಕೆಲಸ ಹಿಡಿಸೂಡಿಯ, ಅಂದರೆ ಕಡ್ಡಿ ಪೊರಕೆಯ, ಕಡ್ಡಿಯಿಂದ. ಎರಡು ಕಡ್ಡಿಗಳ ಒಂದೊಂದು ತುದಿಯನ್ನು ನೂಲಿನಿಂದ ಸಡಿಲವಾಗಿ ಕಟ್ಟುತ್ತೇನೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ತಿರುಗುವಿಕೆ ಸೊನ್ನೆ. ಒಂದನ್ನು ನೆಲಕ್ಕೆ ಒತ್ತಿ ಹಿಡಿದು ಇನ್ನೊಂದನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಕೋನ ದೊಡ್ಡದಾಗುತ್ತಾ ಹೋಗುವುದು ಎಲ್ಲರಿಗೂ ಕಾಣುತ್ತದೆ. ಒಂದು ಕಡೆ ನಿಲ್ಲಿಸಿ, ಕೈ ಅಲುಗಿಸದೆ, ಕಡ್ಡಿಯ ಹೊರತುದಿಯನ್ನು ಪಟಕ್ಕಂತ ಮುರಿಯುತ್ತೇನೆ. "ಈಗ ಕೋನ ಸಣ್ಣ ಆಯಿತಾ?" ಕೆಲವರು ಹೌದು ಅಂತಾರೆ. ಕೆಲವರು ಸುಮ್ನೆ ನನ್ನ ಮುಖ ನೋಡುತ್ತಾರೆ. ಇಲ್ಲಿ ಉತ್ತರ ಹೇಳಲು ಅವಸರ ಮಾಡಬಾರದು. ಅವರವರೇ ವಾದ ಮಾಡಲಿ. ಯಾರಾದರೂ ಒಬ್ಬರು "ತಿರುಗಿದ್ದು ಅಷ್ಟೇ ಅಲ್ವಾ" ಅಂತ ಹೇಳುವವರೆಗೆ ಕಾಯುವುದೇ ಒಳ್ಳೆಯದು.

ಆಮೇಲೆ ಒಂದು ಹಾಳೆಯಲ್ಲಿ ಎರಡು ಕೋನ ಬರೆದು ಕೊಡುತ್ತೇನೆ. ಒಂದು ಅಗಲ ಜಾಸ್ತಿ, ಬಾಹುಗಳು ಗಿಡ್ಡ. ಇನ್ನೊಂದು ಕಿರಿದು, ಬಾಹುಗಳು ಪುಟದ ಉದ್ದಕ್ಕೂ. ಯಾವುದು ದೊಡ್ಡದು ಅಂದರೆ ಉದ್ದ ಬಾಹುವಿನದ್ದನ್ನೇ ತೋರಿಸುವವರು ಆಗಲೂ ಇರುತ್ತಾರೆ. ಒಂದನ್ನು ಟ್ರೇಸಿಂಗ್ ಪೇಪರಿನಲ್ಲಿ ತೆಗೆದು, ಶೃಂಗದ ಮೇಲೆ ಶೃಂಗ, ಬಾಹುವಿನ ಮೇಲೆ ಬಾಹು ಇಟ್ಟು ನೋಡಲು ಹೇಳಿದರೆ ಅವರಿಗೇ ಗೊತ್ತಾಗುತ್ತದೆ. ಕಿರಣಕ್ಕೆ ಕೊನೆಯಿಲ್ಲ ಅಂತ ಪಾಠದಲ್ಲಿ ಓದಿದ್ದು ಕೆಲಸಕ್ಕೆ ಬರುವುದು ಇಲ್ಲೇ. ಎಷ್ಟು ಉದ್ದ ಎಳೆಯುತ್ತೇವೆ ಅನ್ನುವುದು ನಮ್ಮ ಪೆನ್ಸಿಲಿನ ವಿಷಯ, ಕೋನದ್ದಲ್ಲ. ಕಿಟಕಿಯ ಬಾಗಿಲನ್ನೂ ಗೇಟನ್ನೂ ಒಂದೇ ಅಳತೆಗೆ ತೆರೆಯಿರಿ ಅಂತ ಹೇಳಿ ಇಬ್ಬರನ್ನು ಕಳಿಸುವುದೂ ಉಂಟು. ಗೇಟಿನ ತುದಿ ಎಷ್ಟೋ ಅಡಿ ದೂರ ಹೋಗಿರುತ್ತದೆ, ಕಿಟಕಿಯದ್ದು ಒಂದು ಗೇಣು. ತಿರುಗಿದ್ದು ಒಂದೇ.

ನಂತರ ಮಕ್ಕಳೇ ತಿರುಗಬೇಕು. "ಸಮುದ್ರ ಎಲ್ಲಿ ಉಂಟು?" ಅಂದರೆ ನಮ್ಮ ಊರಿನ ಯಾವ ಮಗುವೂ ಪಡುವಣಕ್ಕೆ ಕೈ ತೋರಿಸುತ್ತದೆ, ಇಲ್ಲಿಂದ ಸಮುದ್ರ ಕಾಣದಿದ್ದರೂ. ಸಮುದ್ರಕ್ಕೆ ಮುಖ ಮಾಡಿ ನಿಂತರೆ ಬಲಗೈ ಕಡೆ ಮಂಗಳೂರು, ಎಡಗೈ ಕಡೆ ಕಣ್ಣೂರು, ಬೆನ್ನಿಗೆ ಘಟ್ಟ. ನಕ್ಷೆಯಲ್ಲಿ ಕರಾವಳಿ ಸ್ವಲ್ಪ ಓರೆಯಾಗಿದೆ, ಆದರೆ ಅಂಗಳದ ಆಟಕ್ಕೆ ಇಷ್ಟು ಸಾಕು. ಬಲಕ್ಕೆ ತಿರುಗಿ ಮಂಗಳೂರು ನೋಡು: ಕಾಲು ಸುತ್ತು. ಘಟ್ಟ ನೋಡು: ಅರ್ಧ ಸುತ್ತು. ಕಣ್ಣೂರು: ಮುಕ್ಕಾಲು. ಮತ್ತೆ ಸಮುದ್ರ: ಒಂದು ಪೂರ್ಣ ಸುತ್ತು. ಸಂಖ್ಯೆ ಇನ್ನೂ ಬಂದಿಲ್ಲ ನೋಡಿ, ಕಾಲು, ಅರ್ಧ, ಮುಕ್ಕಾಲು ಮಾತ್ರ.

ಇಲ್ಲೇ ಒಂದು ಪ್ರಶ್ನೆ ತಾನಾಗಿ ಬರುತ್ತದೆ. "ಟೀಚರ್, ಕಣ್ಣೂರಿಗೆ ಎಡಕ್ಕೆ ತಿರುಗಿದರೆ ಬೇಗ ಆಗುತ್ತದಲ್ಲ?" ಹೌದು, ಎಡಕ್ಕೆ ಹೋದರೆ ಕಾಲು ಸುತ್ತು ಮಾತ್ರ. ಅಂದರೆ ಅದೇ ಎರಡು ದಿಕ್ಕುಗಳ ನಡುವೆ ಎರಡು ಕೋನಗಳಿವೆ, ಒಂದು ಕಾಲು ಸುತ್ತಿನದ್ದು, ಇನ್ನೊಂದು ಮುಕ್ಕಾಲು ಸುತ್ತಿನದ್ದು. ಸರಳಾಧಿಕ ಕೋನ ಅಂತ ಮುಂದೆ ಬರುವ ದೊಡ್ಡ ಹೆಸರಿನ ಕೋನ ಈ ಎರಡನೆಯದೇ. ಪುಸ್ತಕದ ಚಿತ್ರದಲ್ಲಿ ಶೃಂಗದ ಹತ್ತಿರ ಎಳೆದಿರುವ ಸಣ್ಣ ಕಮಾನು ಗೆರೆ ಯಾಕೆ ಅಂತಲೂ ಆಗ ಗೊತ್ತಾಗುತ್ತದೆ. ಎರಡರಲ್ಲಿ ಯಾವ ಕಡೆಯದ್ದು ಅಂತ ತೋರಿಸಲು. ಆ ಕಮಾನು ದೊಡ್ಡದಾಗಿ ಎಳೆದರೆ ಕೋನ ದೊಡ್ಡದು ಅಂದುಕೊಳ್ಳುವ ಮಕ್ಕಳೂ ಇದ್ದಾರೆ, ಹಾಗಾಗಿ ಒಂದೇ ಕೋನಕ್ಕೆ ಸಣ್ಣ ಕಮಾನು, ದೊಡ್ಡ ಕಮಾನು ಎರಡನ್ನೂ ಎಳೆದು ತೋರಿಸಿಬಿಡಬೇಕು.

ಕಾಲು ಸುತ್ತು ಅಂದರೆ ಲಂಬಕೋನ. ಇದಕ್ಕೆ ನಾನು ಹಳೆಯ ಪೇಪರಿನ ತುಂಡು ಕೊಡುತ್ತೇನೆ. ಅಂಚುಗಳನ್ನೆಲ್ಲ ಕೈಯಿಂದಲೇ ಹರಿದು ಹಾಕಿ, ಎಲ್ಲೂ ನೇರವಾದ ಅಂಚು ಇರಬಾರದು. ಒಮ್ಮೆ ಮಡಚಿದರೆ ನೇರ ಗೆರೆ ಬಂತು. ಆ ಗೆರೆ ತನ್ನ ಮೇಲೇ ಸರಿಯಾಗಿ ಬೀಳುವಂತೆ ಇನ್ನೊಮ್ಮೆ ಮಡಚಿದರೆ ಲಂಬಕೋನ ಸಿಕ್ಕಿತು. ಸ್ಕೇಲ್ ಬೇಡ, ಮಾಪಕ ಬೇಡ. ಬಿಡಿಸಿ ನೋಡಿದರೆ ಒಂದೇ ಬಿಂದುವಿನ ಸುತ್ತ ನಾಲ್ಕು ಕೋನಗಳು, ನಾಲ್ಕೂ ಸಮ. ಯಾಕೆ ಸಮ ಅಂದರೆ ಮಡಚಿದಾಗ ಒಂದರ ಮೇಲೊಂದು ಕೂತಿದ್ದವು ಅಲ್ವಾ.

ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಲಂಬಕೋನವನ್ನು ಹೇಳಿದ್ದೂ ಹೀಗೆಯೇ. ಒಂದು ನೇರ ಗೆರೆಯ ಮೇಲೆ ಇನ್ನೊಂದು ಗೆರೆ ನಿಂತು ಎರಡು ಪಕ್ಕದ ಕೋನಗಳು ಸಮವಾದರೆ ಅವೆರಡೂ ಲಂಬಕೋನಗಳು. ಅದರಲ್ಲಿ 90 ಅನ್ನುವ ಸಂಖ್ಯೆಯೇ ಇಲ್ಲ. ಯೂಕ್ಲಿಡ್ ಡಿಗ್ರಿಗಳಲ್ಲಿ ಲೆಕ್ಕ ಹಾಕುವುದೇ ಇಲ್ಲ, ತ್ರಿಭುಜದ ಮೂರು ಕೋನಗಳು ಸೇರಿ ಎರಡು ಲಂಬಕೋನಕ್ಕೆ ಸಮ ಅಂತ ಹೇಳುತ್ತಾನೆ. ಎಲ್ಲ ಲಂಬಕೋನಗಳೂ ಒಂದಕ್ಕೊಂದು ಸಮ ಅನ್ನುವುದನ್ನು ಅವನು ಆಧಾರ ಪ್ರತಿಜ್ಞೆಗಳಲ್ಲೇ ಸೇರಿಸಿದ್ದಾನೆ. ದೊಡ್ಡ ತರಗತಿಯವರಿಗೆ ಇದನ್ನು ಹೇಳಿದಾಗ ಅವರ ಕಣ್ಣು ಅರಳುವುದು ನೋಡಲು ಖುಷಿ.

ಮನೆಗೆ ಕಿಟಕಿ ರಿಪೇರಿಗೆ ಬಂದ ಆಚಾರಿಯವರನ್ನು "ನಿಮ್ಮ ಮೂಲೆಮಟ್ಟ ಸರಿ ಉಂಟು ಅಂತ ಹೇಗೆ ಗೊತ್ತಾಗುತ್ತದೆ?" ಅಂತ ಕೇಳಿದ್ದೆ. ಅವರು ಒಂದು ಹಲಗೆಯ ನೇರ ಅಂಚಿಗೆ ಮಟ್ಟದ ಹಿಡಿಯನ್ನು ತಾಗಿಸಿ ಒಂದು ಗೆರೆ ಎಳೆದರು. ಆಮೇಲೆ ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆದರು. ಎರಡೂ ಒಂದರ ಮೇಲೊಂದು ಬಿದ್ದವು. "ಬೀಳದಿದ್ದರೆ?" ಅಂದೆ. "ಎರಡು ಗೆರೆಯ ನಡುವೆ ಬಾಯಿ ಬಿಡ್ತದೆ ಟೀಚರ್, ಅದರ ಅರ್ಧದಷ್ಟು ಮಟ್ಟದ ತಪ್ಪು" ಅಂದರು. ಎಂಥ ಚಂದದ ಪರೀಕ್ಷೆ! ಈ ಬದಿಯ ಕೋನವೂ ಆ ಬದಿಯ ಕೋನವೂ ಸಮ ಇರಬೇಕು ಅನ್ನುವ ಅದೇ ಮಾತು, ಮರದ ಮೇಲೆ. ಈಗ ಮಕ್ಕಳು ತಮ್ಮ ಪೆಟ್ಟಿಗೆಯ ಪ್ಲಾಸ್ಟಿಕ್ ಸೆಟ್ ಸ್ಕ್ವೇರನ್ನೂ ಹೀಗೆ ಮಗುಚಿ ಪರೀಕ್ಷೆ ಮಾಡುತ್ತಾರೆ.

ಮಡಚಿದ ಕಾಗದದ ಮೂಲೆ ಹಿಡಿದು ಮನೆಯಿಡೀ ಲಂಬಕೋನ ಹುಡುಕಿಕೊಂಡು ಬನ್ನಿ ಅಂತ ಬಿಟ್ಟರೆ ಅರ್ಧ ಗಂಟೆ ಯಾರೂ ಕೂರುವುದಿಲ್ಲ. ಮೇಜಿನ ಮೂಲೆ, ಕಿಟಕಿಯ ಸರಳು, ಕೆಂಪುಕಲ್ಲಿನ ಗೋಡೆಯ ಮೂಲೆ. ಹೆಂಚಿನ ಮಾಡಿನ ಕೆಳಗೆ ಎರಡು ಪಕ್ಕಾಸು (ಮಾಡಿನ ಇಳಿಜಾರಿನ ಮರ) ಸೇರುವ ಕಡೆ ನೋಡಿದರೆ ಅದು ಲಂಬಕೋನಕ್ಕಿಂತ ಜಾಸ್ತಿ, ವಿಶಾಲಕೋನ. ಪಕ್ಕಾಸು ಗೋಡೆಯ ಹೊರಬದಿಯ ಜೊತೆ ಮಾಡುವುದು ಲಂಬಕೋನಕ್ಕಿಂತ ಕಡಿಮೆ, ಲಘುಕೋನ. ಈ ಓಡಾಟದಲ್ಲಿ ಇನ್ನೊಂದು ಲಾಭ ಇದೆ. ಪುಸ್ತಕದಲ್ಲಿ ಲಂಬಕೋನ ಯಾವಾಗಲೂ ಒಂದು ಬಾಹು ಅಡ್ಡ, ಒಂದು ನೆಟ್ಟಗೆ. ವಾರೆಯಾಗಿ ಬರೆದರೆ ಮಕ್ಕಳು ಗುರುತಿಸುವುದಿಲ್ಲ. ಕಾಗದದ ಮೂಲೆಯನ್ನು ಹೇಗೆ ಬೇಕಾದರೂ ತಿರುಗಿಸಿ ಹಿಡಿದು ರೂಢಿಯಾದ ಮಗುವಿಗೆ ಆ ತೊಂದರೆ ಬರುವುದಿಲ್ಲ.

ಮನೆ ಕಟ್ಟುವಾಗ ಮೇಸ್ತ್ರಿಗಳು ಅಡಿಪಾಯಕ್ಕೆ ಹಗ್ಗ ಕಟ್ಟುವುದನ್ನು ಮಕ್ಕಳು ನೋಡಿರುತ್ತಾರೆ. ಒಂದು ಹಗ್ಗದ ಮೇಲೆ ಮೂಲೆಯಿಂದ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು, ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಲಂಬ. ದೊಡ್ಡ ಮನೆಗಾದರೆ 6, 8, 10. ದೊಡ್ಡದಾಗಿ ಹಿಡಿದಷ್ಟೂ ಒಳ್ಳೆಯದು, ಯಾಕೆಂದರೆ ಗುರುತು ಹಾಕುವಾಗ ಆಗುವ ಅರ್ಧ ಬೆರಳಿನ ತಪ್ಪು ದೊಡ್ಡ ತ್ರಿಕೋನದಲ್ಲಿ ಕೋನವನ್ನು ಅಷ್ಟು ಕೆಡಿಸುವುದಿಲ್ಲ.

ಇಷ್ಟಾದ ಮೇಲೆ ಸಂಖ್ಯೆ. ಪೂರ್ಣ ಸುತ್ತನ್ನು 360 ಭಾಗ ಮಾಡಿದ್ದು ಯಾಕೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಹಳೆಯ ಬ್ಯಾಬಿಲೋನಿನವರು 60ರ ಲೆಕ್ಕದಲ್ಲಿ ಎಣಿಸುತ್ತಿದ್ದರು, ಡಿಗ್ರಿಯ ಲೆಕ್ಕ ಬಂದದ್ದು ಆ ಕಡೆಯಿಂದ. ಗಂಟೆಗೆ 60 ನಿಮಿಷ ಇರುವುದೂ ಅದೇ ಲೆಕ್ಕದಿಂದ. ಡಿಗ್ರಿಗೂ 60 ಮಿನಿಟು, ಮಿನಿಟಿಗೆ 60 ಸೆಕೆಂಡು. 360ನ್ನು 2, 3, 4, 5, 6, 8, 9, 10, 12 ಎಲ್ಲದರಿಂದ ಶೇಷ ಇಲ್ಲದೆ ಭಾಗಿಸಬಹುದು, 12ರವರೆಗೆ 7 ಮತ್ತು 11ರಿಂದ ಮಾತ್ರ ಆಗುವುದಿಲ್ಲ. 100 ಭಾಗ ಮಾಡಿದ್ದರೆ ಮೂರನೇ ಒಂದು ಸುತ್ತಿಗೆ ದಶಾಂಶ ಬರೆಯಬೇಕಿತ್ತು. ನಮ್ಮ ಆರ್ಯಭಟ ಕ್ರಿ.ಶ. 499ರಲ್ಲಿ ಇಡೀ ವೃತ್ತವನ್ನು 21,600 ಕಲೆಗಳಾಗಿ, ಅಂದರೆ 360ನ್ನು 60ರಿಂದ ಗುಣಿಸಿದಷ್ಟು ಭಾಗಗಳಾಗಿ ತೆಗೆದುಕೊಂಡ. ಅವನ ಜ್ಯಾ (ಈಗಿನ ಸೈನ್) ಕೋಷ್ಟಕ 225 ಕಲೆಗೊಂದು ಹೆಜ್ಜೆ, ಅಂದರೆ ಮೂರೂ ಮುಕ್ಕಾಲು ಡಿಗ್ರಿಗೊಂದು, ಲಂಬಕೋನ ಮುಟ್ಟಲು 24 ಹೆಜ್ಜೆ.

ಅಂಗಡಿಯ ಕೋನಮಾಪಕ ಕೊಡುವ ಮೊದಲು ಮಕ್ಕಳೇ ಒಂದು ಮಾಡಿಕೊಳ್ಳಬೇಕು. ಕೈವಾರದಿಂದ ವೃತ್ತ ಎಳೆದು, ಕೈವಾರದ ಅಗಲ ಬದಲಿಸದೆ ವೃತ್ತದ ಮೇಲೇ ಹೆಜ್ಜೆ ಹಾಕುತ್ತಾ ಹೋದರೆ ಸರಿಯಾಗಿ ಆರು ಹೆಜ್ಜೆಗೆ ಹೊರಟ ಜಾಗಕ್ಕೆ ಬರುತ್ತದೆ. ಆರನೇ ಒಂದು ಸುತ್ತು, 60 ಡಿಗ್ರಿ. ವೃತ್ತ ಕತ್ತರಿಸಿ ಮಡಚಿದರೆ 30, ಮತ್ತೆ ಮಡಚಿದರೆ 15. ಆ ಗುರುತುಗಳಿಗೆ ಅವರ ಕೈಯಿಂದಲೇ ಸೊನ್ನೆಯಿಂದ 360ರವರೆಗೆ ಸಂಖ್ಯೆ ಬರೆಸುತ್ತೇನೆ. ಬೇರೆ ಬೇರೆ ಮಕ್ಕಳ ವೃತ್ತಗಳು ಬೇರೆ ಬೇರೆ ಗಾತ್ರದವು, ಆದರೂ ಒಂದೇ ಕೋನಕ್ಕೆ ಎಲ್ಲರಿಗೂ ಒಂದೇ ಅಳತೆ ಬರುತ್ತದೆ. ಬಾಹುವಿನ ಉದ್ದ ಲೆಕ್ಕಕ್ಕಿಲ್ಲ ಅನ್ನುವುದು ಇನ್ನೊಂದು ಸಲ ಗಟ್ಟಿಯಾಗುತ್ತದೆ.

ಈಗ ಕೋನಮಾಪಕ. ಇಲ್ಲಿ ನನ್ನದು ಒಂದೇ ಹಟ: ಅಳೆಯುವ ಮೊದಲು ಅಂದಾಜು ಬರೆಯಬೇಕು. ಪುಸ್ತಕದಲ್ಲಿ ಎರಡು ಕಾಲಂ, ಎಡಗಡೆ ಅಂದಾಜು, ಬಲಗಡೆ ಅಳತೆ. ಲಂಬಕೋನಕ್ಕಿಂತ ಕಡಿಮೆಯಾ ಜಾಸ್ತಿಯಾ? ಕಡಿಮೆ. ಅದರ ಅರ್ಧಕ್ಕಿಂತ? ಸ್ವಲ್ಪ ಜಾಸ್ತಿ. ಹಾಗಾದರೆ ಒಂದು 50 ಇರಬಹುದು. ಇಷ್ಟು ಬಾಯಿಬಿಟ್ಟು ಹೇಳಿದ ಮಗುವಿಗೆ ಮಾಪಕದಲ್ಲಿ 50, 130 ಎರಡೂ ಕಂಡರೂ 130 ಅಂತ ಬರೆಯಲು ಕೈ ಬರುವುದಿಲ್ಲ. ಯಾವ ಸಾಲು ಓದುವುದು ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಎರಡು ಸಾಲು ಯಾಕೆ ಇದೆ ಅನ್ನುವುದಕ್ಕೂ ಕಾರಣ ಹೇಳಬೇಕು: ಬಲಗಡೆಯಿಂದ ತಿರುಗಲು ಶುರು ಮಾಡಿದರೆ ಒಂದು, ಎಡಗಡೆಯಿಂದ ಶುರು ಮಾಡಿದರೆ ಇನ್ನೊಂದು. ಕೆಳಗಿನ ಬಾಹು ಯಾವ ಸೊನ್ನೆಯ ಮೇಲೆ ಮಲಗಿದೆಯೋ ಆ ಸಾಲಿನಲ್ಲೇ ಸೊನ್ನೆ, ಹತ್ತು, ಇಪ್ಪತ್ತು ಅಂತ ಬೆರಳಿಟ್ಟು ನಡೆದುಕೊಂಡು ಹೋಗಬೇಕು. ಒಂದೇ ಗೆರೆಯ ಎರಡು ಸಂಖ್ಯೆ ಕೂಡಿಸಿದರೆ ಯಾವಾಗಲೂ 180 ಅನ್ನುವುದನ್ನು ಯಾರಾದರೂ ಒಬ್ಬರು ಕಂಡುಹಿಡಿಯುತ್ತಾರೆ, ಪರಿಪೂರಕ ಕೋನದ ಪಾಠ ಅಲ್ಲೇ ಅರ್ಧ ಆದ ಹಾಗೆ.

ಇನ್ನು ಕೈತಪ್ಪುಗಳು. ಕೆಲವು ಪ್ಲಾಸ್ಟಿಕ್ ಮಾಪಕಗಳಲ್ಲಿ ಸೊನ್ನೆಯ ಗೆರೆ ಅಂಚಿನಲ್ಲಿ ಇರುವುದಿಲ್ಲ, ಅಂಚಿನಿಂದ ಸ್ವಲ್ಪ ಮೇಲೆ ಇರುತ್ತದೆ. ಮಕ್ಕಳು ಅಂಚನ್ನೇ ಬಾಹುವಿಗೆ ತಾಗಿಸಿ ಇಡುತ್ತಾರೆ, ಅಳತೆ ಕೆಲವು ಡಿಗ್ರಿ ಆಚೀಚೆ ಹೋಗುತ್ತದೆ. ನಡುವಿನ ಗುರುತು ಶೃಂಗದ ಮೇಲೆ, ಸೊನ್ನೆಯ ಗೆರೆ ಬಾಹುವಿನ ಮೇಲೆ, ಈ ಎರಡನ್ನು ನೋಡಿಯೇ ಕಣ್ಣು ಮೇಲೆ ಎತ್ತಬೇಕು. ಬಾಹು ಗಿಡ್ಡ ಇದ್ದು ಸಂಖ್ಯೆಗಳವರೆಗೆ ಮುಟ್ಟದಿದ್ದರೆ ಸ್ಕೇಲ್ ಇಟ್ಟು ಉದ್ದ ಮಾಡಬೇಕು. ಬಾಹು ಉದ್ದ ಮಾಡಿದರೆ ಕೋನ ಬದಲಾಗುತ್ತದೆ ಅಂತ ಹೆದರುವ ಮಗು ಇದ್ದರೆ ಹಿಡಿಸೂಡಿ ಕಡ್ಡಿಗೆ ವಾಪಸ್ ಹೋಗಬೇಕು. ಚಿತ್ರ ತಲೆಕೆಳಗಾಗಿ ಇದ್ದರೆ ಪುಸ್ತಕವನ್ನೇ ತಿರುಗಿಸಿಕೊಳ್ಳಲಿ, ಅದರಲ್ಲಿ ಏನೂ ತಪ್ಪಿಲ್ಲ. ಸರಳಾಧಿಕ ಕೋನಕ್ಕೆ ಅರ್ಧವೃತ್ತದ ಮಾಪಕ ಸಾಲುವುದಿಲ್ಲ, ಒಳಗಿನ ಸಣ್ಣ ಕೋನ ಅಳೆದು 360ರಿಂದ ಕಳೆದರಾಯಿತು.

ಮೂರು ಅಕ್ಷರದಲ್ಲಿ ಕೋನದ ಹೆಸರು ಬರೆಯುವುದೂ ಇದೇ ಹೊತ್ತಿಗೆ ಹೇಳಿಕೊಡುವಂಥದ್ದು. ಕೋನ ಎಬಿಸಿ ಅಂದರೆ ಎಯಿಂದ ಬಿಗೆ ಬಂದು, ಬಿಯಿಂದ ಸಿಗೆ ಹೋಗುವುದು. ನಡುವಿನ ಅಕ್ಷರವೇ ಶೃಂಗ, ಮಾಪಕದ ನಡುಗುರುತು ಕೂರುವ ಜಾಗ. ಬೆರಳಿನಿಂದ ಆ ದಾರಿಯನ್ನು ಚಿತ್ರದ ಮೇಲೆ ಎಳೆದು ತೋರಿಸಿದರೆ ಸಾಕು.

ಮಗುವಿಗೆ ನಿಜವಾಗಿ ಅರ್ಥ ಆಗಿದೆಯಾ ಅಂತ ತಿಳಿಯಲು ನನ್ನ ಹತ್ತಿರ ಒಂದು ಪ್ರಶ್ನೆ ಇದೆ. ಸೊನ್ನೆಯ ಗೆರೆ ಉಪಯೋಗಿಸದೆ ಅಳೆ. ಒಂದು ಬಾಹು 20ರ ಮೇಲೆ ಬೀಳುವಂತೆ ಇಡು, ಇನ್ನೊಂದು ಎಲ್ಲಿ ಬೀಳುತ್ತದೆ? 75. ಹಾಗಾದರೆ ಕೋನ ಎಷ್ಟು? ನಿಯಮ ಬಾಯಿಪಾಠ ಮಾಡಿದವರು 75 ಅನ್ನುತ್ತಾರೆ. 20ರಿಂದ 75ರವರೆಗೆ ಎಷ್ಟು ತಿರುಗಿತು ಅಂತ ಯೋಚಿಸುವವರು 55 ಅನ್ನುತ್ತಾರೆ. ಗಡಿಯಾರದ ಪ್ರಶ್ನೆಯೂ ಹಾಗೆಯೇ. ಮೂರು ಗಂಟೆಗೆ ಮುಳ್ಳುಗಳ ನಡುವೆ 90. ಮೂರೂವರೆಗೆ? ಮತ್ತೆ 90 ಅನ್ನುವವರೇ ಜಾಸ್ತಿ. ಅಷ್ಟು ಹೊತ್ತಿಗೆ ಗಂಟೆಯ ಮುಳ್ಳೂ ಅರ್ಧ ದಾರಿ ಸರಿದಿರುತ್ತದೆ ಅಲ್ವಾ, ಗಂಟೆಗೆ 30ರಂತೆ ಅರ್ಧ ಗಂಟೆಗೆ 15. ಹಾಗಾಗಿ 75.

ತ್ರಿಭುಜದ ಕೋನಗಳ ಮೊತ್ತ 180 ಅನ್ನುವುದನ್ನು ಮೂಲೆಗಳನ್ನು ಹರಿದು ಜೋಡಿಸಿ ತೋರಿಸುವುದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ನಡೆದು ತೋರಿಸುವುದು ಇಷ್ಟ. ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡ ತ್ರಿಭುಜ ಎಳೆಯುವುದು. (ಅಂಗಳ ಖಾಲಿ ಸಿಗುವುದೇ ಕಷ್ಟ. ಮಳೆಗಾಲ ಮುಗಿದ ಮೇಲೆ ಅಡಿಕೆ ಹರಡಿರುತ್ತದೆ, ಮಳೆಗಾಲದಲ್ಲಿ ಪಾಚಿ. ನಡುವೆ ಸಿಕ್ಕ ದಿನಗಳಲ್ಲಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಶಾಲೆಯ ಮೈದಾನ.) ಒಂದು ಮಗು ಒಂದು ಬದಿಯ ನಡುವಿನಿಂದ ಹೊರಟು ಗೆರೆಯ ಮೇಲೆ ನಡೆಯುತ್ತದೆ, ಮೂಲೆ ಬಂದಾಗ ಮುಂದಿನ ಗೆರೆಯ ಕಡೆಗೆ ತಿರುಗುತ್ತದೆ. ಮೂರು ಮೂಲೆ ಆಗಿ ಹೊರಟ ಜಾಗಕ್ಕೆ ಬಂದಾಗ ಅದರ ಮುಖ ಮೊದಲಿದ್ದ ದಿಕ್ಕಿಗೇ ಇರುತ್ತದೆ. ಅಂದರೆ ಒಟ್ಟು ಒಂದು ಪೂರ್ಣ ಸುತ್ತು, 360.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಿಟ್ಟುಬಿಡಬಾರದು. ಮೂಲೆಯಲ್ಲಿ ಮಗು ತಿರುಗಿದ್ದು ತ್ರಿಭುಜದ ಒಳಗಿನ ಕೋನದಷ್ಟಲ್ಲ. ನೇರ ಹೋಗುತ್ತಿದ್ದ ದಾರಿಯಿಂದ ಎಷ್ಟು ತಿರುಗಿತೋ ಅಷ್ಟು, ಅದು ಹೊರಗಿನ ಕೋನ. ಒಳಗಿನದ್ದೂ ಹೊರಗಿನದ್ದೂ ಸೇರಿದರೆ ಪ್ರತಿ ಮೂಲೆಯಲ್ಲಿ 180. ಮೂರು ಮೂಲೆಗೆ 540. ಅದರಲ್ಲಿ ಹೊರಗಿನವು 360, ಉಳಿದ 180 ಒಳಗಿನವು. ಚತುರ್ಭುಜಕ್ಕೂ ನಡೆದರೆ ಒಟ್ಟು ತಿರುಗಿದ್ದು ಅದೇ 360, ಹಾಗಾಗಿ ಒಳಗಿನದ್ದು 720ರಿಂದ 360 ಹೋಗಿ 360. ಐದು ಮೂಲೆ, ಆರು ಮೂಲೆ ಅಂತ ಮಕ್ಕಳೇ ಮುಂದೆ ಹೋಗುತ್ತಾರೆ. ಸೂತ್ರ ಹೇಳಿಕೊಡುವ ಅಗತ್ಯ ಬೀಳುವುದಿಲ್ಲ. ಗಣಿತ ಮಕ್ಕಳ ಕಾಲಿಗೆ ಬರುವ ಇಂಥ ಹೊತ್ತು ನನಗೆ ತುಂಬಾ ಮುಖ್ಯ.

ಬೇಕಲ ಕೋಟೆಗೆ ಹೋದರೆ ಗೋಡೆಯಲ್ಲಿರುವ ಕಂಡಿಗಳನ್ನು ಮಕ್ಕಳಿಗೆ ತೋರಿಸಿ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ ಅದು. ಮೇಲಿನ ಕಂಡಿಯಿಂದ ನೋಡಿದರೆ ದೂರದ ಜಾಗ ಕಾಣುತ್ತದೆ, ಅದರ ಕೆಳಗಿನದ್ದರಿಂದ ಇನ್ನಷ್ಟು ಹತ್ತಿರದ್ದು, ಎಲ್ಲಕ್ಕಿಂತ ಕೆಳಗಿನದ್ದರಿಂದ ಕೋಟೆಯ ಬುಡದ ಹತ್ತಿರದ್ದು. ಶತ್ರು ಎಷ್ಟು ದೂರ ಇದ್ದಾನೆ ಅನ್ನುವುದಕ್ಕೆ ತಕ್ಕಂತೆ ಬೇರೆ ಬೇರೆ ಇಳಿಜಾರಿನ ಕಂಡಿಗಳು. ಹೈಸ್ಕೂಲಿನ ಪಾಠದಲ್ಲಿ ಬರುವ ಅವನತ ಕೋನ, ಅಂದರೆ ಮಟ್ಟದಿಂದ ಕೆಳಗೆ ನೋಡುವ ಕೋನ, ಅಲ್ಲಿ ಕಲ್ಲಿನಲ್ಲೇ ಇದೆ. ಪಕ್ಕದಲ್ಲೇ ಕಡಲತೀರ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳು ಸುಮಾರು ಒಂದು ಡಿಗ್ರಿ. ಮಕ್ಕಳ ಕೈ ಸಣ್ಣದಾದರೂ ತೋಳೂ ಗಿಡ್ಡ, ಹಾಗಾಗಿ ಅವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಅಂದರೆ ನೀರಿನ ಗೆರೆಗೂ ಸೂರ್ಯನಿಗೂ ನಡುವೆ ಒಂದು ಮುಷ್ಟಿ ಜಾಗ ಇದ್ದರೆ ಮುಳುಗಲು ಸುಮಾರು 40 ನಿಮಿಷ ಇದೆ. ಸೂರ್ಯನನ್ನು ದಿಟ್ಟಿಸಬಾರದು ಅಂತ ಮೊದಲೇ ಹೇಳಿ, ಮುಷ್ಟಿಯನ್ನು ಸೂರ್ಯನಿಗೆ ಅಡ್ಡ ಹಿಡಿದು ಅಂದಾಜು ಮಾಡಿದರೆ ಸಾಕು.

ದೊಡ್ಡ ಮಕ್ಕಳಿಗೆ ಕಂಗಿನ, ಅಂದರೆ ಅಡಿಕೆ ಮರದ, ಎತ್ತರ ಅಳೆಯುವ ಕೆಲಸ ಕೊಡುತ್ತೇನೆ. ತೋಟ ಇರುವ ಮನೆಗಳಿಗೆ ಇದು ಬೇಕಾದ ಲೆಕ್ಕ. ಈಗ ಎಲ್ಲರೂ ಕೆಳಗೆ ನಿಂತೇ ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ತರುತ್ತಿದ್ದಾರೆ, ಎಷ್ಟು ಉದ್ದದ್ದು ಬೇಕು ಅಂತ ಗೊತ್ತಿರಬೇಕಲ್ಲ. ಕೋನಮಾಪಕದ ನೇರ ಅಂಚಿಗೆ ಒಂದು ಸ್ಟ್ರಾ ಅಂಟಿಸಿ, ನಡುವಿನ ಗುರುತಿನಿಂದ ನೂಲು ಇಳಿಬಿಟ್ಟು, ತುದಿಗೆ ಒಂದು ನಟ್ ಕಟ್ಟಿ. ಸ್ಟ್ರಾ ಮಟ್ಟವಾಗಿದ್ದರೆ ನೂಲು 90ರ ಮೇಲೆ. ಸ್ಟ್ರಾದಲ್ಲಿ ಕಣ್ಣಿಟ್ಟು ಮೇಲೆ ನೋಡಿದರೆ ಮಾಪಕ ತಿರುಗುತ್ತದೆ, ನೂಲು ನೆಟ್ಟಗೆ ನಿಂತೇ ಇರುತ್ತದೆ. 90ರಿಂದ ಎಷ್ಟು ಸರಿಯಿತೋ ಅಷ್ಟು ನಾವು ಮೇಲೆ ನೋಡಿದ ಕೋನ. ಮರದ ತುದಿ ಸ್ಟ್ರಾದಲ್ಲಿ ಕಾಣುತ್ತಾ, ನೂಲು 45ಕ್ಕೆ ಬರುವವರೆಗೆ ಹಿಂದೆ ಹಿಂದೆ ಹೋಗಬೇಕು. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ಬರುವ ತ್ರಿಭುಜ ಇದು, ಎರಡು ಬದಿ ಸಮ. ಹಾಗಾಗಿ ನಾವು ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ, ಕಣ್ಣಿನ ಮಟ್ಟದಿಂದ ತುದಿಗೂ ಅಷ್ಟೇ ಎತ್ತರ. ದೂರ 15 ಮೀಟರ್ ಇದ್ದಾಗ ಓದುವುದರಲ್ಲಿ ಒಂದು ಡಿಗ್ರಿ ತಪ್ಪಿದರೆ ಎತ್ತರದಲ್ಲಿ ಸುಮಾರು ಅರ್ಧ ಮೀಟರ್ ವ್ಯತ್ಯಾಸ ಬರುತ್ತದೆ, ಅದಕ್ಕೆ ಗಾಳಿ ಇಲ್ಲದ ಹೊತ್ತು ನೋಡಿ, ಇಬ್ಬರು ಬೇರೆ ಬೇರೆ ಅಳೆದು ಹೋಲಿಸಬೇಕು.

ನಮ್ಮ ತೋಟಗಳು ಸಮತಟ್ಟಲ್ಲ, ಅಲ್ಲೇ ತೊಡಕು. ಮರದ ಬುಡ ನಾವು ನಿಂತ ಜಾಗಕ್ಕಿಂತ ಮೇಲೋ ಕೆಳಗೋ ಇರುತ್ತದೆ, ಸುಮ್ನೆ ಕಣ್ಣಿನ ಎತ್ತರ ಕೂಡಿಸಿದರೆ ಲೆಕ್ಕ ಕೆಡುತ್ತದೆ. ಅದಕ್ಕೆ ನಾವು ಹೀಗೆ ಮಾಡುತ್ತೇವೆ: ನೂಲು 90ಕ್ಕೆ ನಿಲ್ಲುವಂತೆ ಸ್ಟ್ರಾ ಮಟ್ಟವಾಗಿ ಹಿಡಿದು ಮರದ ಕಡೆ ನೋಡಿದಾಗ ಕಾಂಡದ ಮೇಲೆ ಎಲ್ಲಿ ದೃಷ್ಟಿ ಬೀಳುತ್ತದೋ ಅಲ್ಲಿ ಇನ್ನೊಬ್ಬರು ಬಳ್ಳಿ ಕಟ್ಟುತ್ತಾರೆ. ಬುಡದಿಂದ ಆ ಬಳ್ಳಿಯವರೆಗೆ ಟೇಪ್ ಹಿಡಿದು ಅಳೆದು, ಅದನ್ನು ದೂರಕ್ಕೆ ಕೂಡಿಸುವುದು. ದೂರ ಅಳೆಯುವಾಗಲೂ ಟೇಪನ್ನು ಇಳಿಜಾರಿನ ಮೇಲೆ ಮಲಗಿಸಬಾರದು, ಮಟ್ಟವಾಗಿ ಎಳೆದು ಹಿಡಿಯಬೇಕು, ಬೇಕಾದರೆ ತುಂಡು ತುಂಡಾಗಿ. ನಾವು ತುಂಬಾ ತಗ್ಗಿನಲ್ಲಿದ್ದು ಮಟ್ಟದ ದೃಷ್ಟಿ ಕಾಂಡದ ಬದಲು ಬುಡದ ಕೆಳಗಿನ ದರೆಗೆ ಬಿದ್ದರೆ ಕೂಡಿಸುವ ಬದಲು ಕಳೆಯಬೇಕು. ಬಂದ ಎತ್ತರದಲ್ಲಿ ಅಡಿಕೆ ಗೊನೆ ಇರುವುದು ತುದಿಗಿಂತ ಕೆಳಗೆ, ದೋಟಿ ಹಿಡಿಯುವವರ ಕೈ ಇರುವುದು ನೆಲಕ್ಕಿಂತ ಮೇಲೆ. ಆದ್ದರಿಂದ ಸ್ಟ್ರಾದಲ್ಲಿ ನೋಡುವಾಗಲೇ ಮರದ ತುದಿಗೆ ಗುರಿ ಇಡದೆ ಗೊನೆಗೆ ಗುರಿ ಇಟ್ಟು, ಬಂದ ಎತ್ತರದಿಂದ ಕೈಯ ಎತ್ತರ ಕಳೆದರೆ ದೋಟಿಯ ಲೆಕ್ಕ ಸಿಗುತ್ತದೆ.